ಕೋಲು ಬಿಸಾಡಿ ಓಡುವ ಮುದುಕ

೧೯೮೨ ಅಕ್ಟೋಬರ್ ೩, ಭಾನುವಾರ

ಮಳೆ ಬಿಟ್ಟಿದೆ. ಗದ್ದೆಯಲ್ಲಿ ನನಗೆ ಕೆಲಸವಿಲ್ಲ, ಮನೆಯಲ್ಲಿ ಕೂರಲು ಮನಸ್ಸಿಲ್ಲ. ಹತ್ತನೇ ಕ್ಲಾಸು ಮುಗಿಸಿ ಐದು ವರ್ಷವಾದರೂ ನಿಟ್ಟೂರು ಪೇಟೆಗೆ ಹೋಗಿ ಬರುವುದೇ ನನ್ನ ಉದ್ಯೋಗ ಎಂದು ಅಪ್ಪ ಹಂಗಿಸುತ್ತಾರೆ. ಬಾಂಬೆಯ ಕ್ಯಾಂಟೀನಿನಲ್ಲಿ ಕೆಲಸಕ್ಕಿರುವ ನಮ್ಮೂರ ಜಟ್ಟಪ್ಪ, ಜಾಗ ಖಾಲಿಯಾದರೆ ಕಾಗದ ಹಾಕುತ್ತೇನೆ ಅಂದಿದ್ದಾನೆ. ದಿನಾ ಪೋಸ್ಟ್‌ಮನ್ ಮಂಜಣ್ಣನ ಸೈಕಲ್ ಬೆಲ್ಲಿಗೆ ಕಿವಿ ಕೊಟ್ಟು ಕೂರುವುದಾಗಿದೆ.

ಮಧ್ಯಾಹ್ನ ಅಜ್ಜಿಗೆ ವಾರಪತ್ರಿಕೆ ಓದಿ ಹೇಳುತ್ತಿದ್ದೆ. ಕಥೆ ಮುಗಿದು ಕೆಳಗಿನ ಜಾಹೀರಾತು ಬಂತು. ಒಬ್ಬ ಮುದುಕ ಕೋಲು ಬಿಸಾಡಿ ಓಡುತ್ತಿದ್ದಾನೆ. ಮಂಡಿ ನೋವು, ಸೊಂಟ ನೋವು, ಗಂಟು ಬಾವು, ವಾಯು, ನಿಶ್ಶಕ್ತಿ, ಎಲ್ಲಕ್ಕೂ ಒಂದೇ ಗುಳಿಗೆ. ಕಾರ್ಡು ಬರೆದರೆ ವಿ.ಪಿ.ಪಿ. ಮೂಲಕ ಮನೆ ಬಾಗಿಲಿಗೇ ಬರುತ್ತದೆ, ದುಡ್ಡು ಪೋಸ್ಟ್‌ಮನ್ ಕೈಗೆ ಕೊಟ್ಟರಾಯಿತು.

"ಓಡ್ತಾ ಇರಾದು ಹೌದನಾ?" ಅಂದಳು ಅಜ್ಜಿ.

"ಹೌದು."

"ನಂಗೆ ಓಡಾದು ಬ್ಯಾಡ. ಕೈಬೆರಳು ಮಡಚಕ್ಕೆ ಬಂದ್ರೆ ಸಾಕು. ಬರಿ ಕಾರ್ಡು."

ನಮ್ಮ ಸುತ್ತಿನ ಮದುವೆ ಮನೆಗಳಲ್ಲಿ ಗೋಡೆಯ ಮೇಲೆ ಹಸೆ ಬರೆಯಲು ಕೆರಿಯಮ್ಮನೇ ಬರಬೇಕು ಎನ್ನುವ ಕಾಲವಿತ್ತು. ಕೆರಿಯಮ್ಮ ಅಂದರೆ ನಮ್ಮ ಅಜ್ಜಿ. ಕೆಮ್ಮಣ್ಣಿನ ಗೋಡೆಯ ಮೇಲೆ ಅವಳು ಎಳೆದ ಬಿಳಿ ಗೆರೆ ದಾರ ಹಿಡಿದು ಎಳೆದಂತೆ ಇರುತ್ತಿತ್ತು. ಹೋದ ಮಳೆಗಾಲದಿಂದ ಬೆರಳ ಗಂಟುಗಳು ಊದಿ, ಅನ್ನ ಕಲಸುವುದಕ್ಕೂ ಕಷ್ಟ. ಮುಂದಿನ ವೈಶಾಖದಲ್ಲಿ ತಂಗಿ ಲಕ್ಷ್ಮಿಯ ಮದುವೆ ಮಾಡುವುದೆಂದು ಮಾತಾಗಿದೆ. ಅವಳ ಹಸೆ ಬೇರೆಯವರು ಬರೆದರೆ ತಾನು ಮದುವೆ ಮನೆಗೇ ಬರುವುದಿಲ್ಲ ಎಂದು ಅಜ್ಜಿ ಈಗಲೇ ಹೇಳಿಟ್ಟಿದ್ದಾಳೆ. ಮದುವೆ ನಮ್ಮ ಮನೆಯಲ್ಲೇ, ಅವಳು ಎಲ್ಲಿಗೆ ಹೋಗುತ್ತಾಳೋ ಗೊತ್ತಿಲ್ಲ.

ಸಾಗರದ ಡಾಕ್ಟರು ಕೊಟ್ಟ ಮಾತ್ರೆಯನ್ನು ಅಜ್ಜಿ ಹೊಟ್ಟೆ ಉರಿ ಎಂದು ಬಿಟ್ಟಿದ್ದಾಳೆ, ಅದನ್ನು ಡಾಕ್ಟರಿಗೂ ಹೇಳಿಲ್ಲ. ಕಾರ್ಡು ಬರೆದೆ. ಕಂಪನಿಯ ಊರಿನ ಹೆಸರು ನನ್ನ ಬಾಯಲ್ಲಿ ಹೊರಳುವುದಿಲ್ಲ, ಉತ್ತರ ಇಂಡಿಯಾದ ಕಡೆಯದು. ಬೀದಿ ಹೆಸರಿಲ್ಲ, ಪೋಸ್ಟ್ ಬಾಕ್ಸ್ ನಂಬರು ಮಾತ್ರ. ದೊಡ್ಡ ಕಂಪನಿಗಳು ಹಾಗೇ ಇರಬೇಕು.

ಅಕ್ಟೋಬರ್ ೨೧

ಪಾರ್ಸೆಲ್ ಬಂತು. ಬಿಚ್ಚಿ ನೋಡುತ್ತೇನೆ ಅಂದರೆ ಮಂಜಣ್ಣ ಬಿಡಲಿಲ್ಲ.

"ದುಡ್ಡು ಕೊಟ್ಟ ಮೇಲೇ ಬಿಚ್ಚಾದು ಮಾರಾಯ. ಒಳಗೆ ಕಲ್ಲಿದ್ರೂ ಅದು ನಿಂದೇ."

ಕಲ್ಲಿರಲಿಲ್ಲ. ತಗಡಿನ ಡಬ್ಬಿ, ಮೇಲೆ ಅದೇ ಓಡುವ ಮುದುಕ. ಒಳಗೆ ಕಂದು ಗುಳಿಗೆಗಳು, ಶುಂಠಿಯ ವಾಸನೆ. ಏನು ಹಾಕಿದ್ದಾರೆ ಎಂದು ಎಲ್ಲೂ ಬರೆದಿಲ್ಲ, "ಋಷಿಗಳ ಗುಪ್ತ ಸೂತ್ರ" ಎಂದಿದೆ. ಅಜ್ಜಿ ಎರಡು ನುಂಗಿ, "ಕಹಿ ಇಲ್ಲ" ಅಂದಳು. ಕಹಿ ಇಲ್ಲದ್ದು ಒಳ್ಳೆಯದೋ ಕೆಟ್ಟದ್ದೋ ಅವಳಿಗೇ ತೀರ್ಮಾನವಾಗಲಿಲ್ಲ.

ನವೆಂಬರ್ ೧, ಭೂಮಿ ಹುಣ್ಣಿಮೆ

ಬರೆಯದೆ ಇರಲು ಆಗುವುದಿಲ್ಲ. ಹಬ್ಬದ ದಿನ ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಈ ವರ್ಷ ಅಜ್ಜಿಯೇ ಚಿತ್ರ ಬರೆದಳು! ಹೋದ ವರ್ಷ ಲಕ್ಷ್ಮಿ ಬರೆದಾಗ, ಇದು ಬುಟ್ಟಿಯೋ ಕೋಳಿ ಗೂಡೋ ಅಂದಿದ್ದವಳು. ಗುಳಿಗೆ ಶುರುಮಾಡಿ ವಾರದೊಳಗೆ ಬೆರಳು ಮಡಚಿತು. ಪುಂಡಿ ನಾರಿನ ಕುಂಚ ಹಿಡಿದು ಎರಡು ದಿನ ಬುಟ್ಟಿಯ ಮುಂದೆ ಕೂತಿದ್ದಳು, ಊಟಕ್ಕೆ ಕರೆದರೂ ಏಳಲಿಲ್ಲ.

ಬೆಳಿಗ್ಗೆ ಗದ್ದೆಯಲ್ಲಿ ಭೂಮಿ ತಾಯಿಯ ಸೀಮಂತ ಮುಗಿಸಿ ಎಲ್ಲರೂ ಊಟಕ್ಕೆ ಕೂತಾಗ, ಪಕ್ಕದ ಗದ್ದೆಯ ಸುಬ್ಬಪ್ಪಜ್ಜ ಬುಟ್ಟಿ ನೋಡಿ ಕೇಳಿದರು.

"ಕೆರಿಯಕ್ಕಾ, ಇದು ನಿನ್ ಕೈಯಾ?"

"ನನ್ ಕೈಯೇ. ನಂಬಿಕೆ ಇಲ್ದಿದ್ರೆ ಒಂದು ಗುದ್ದು ಕೊಟ್ಟು ತೋರಿಸ್ಲಾ?"

ಆಮೇಲೆ ಅವರು ನನ್ನನ್ನು ಬದುವಿನ ಆಚೆ ಕರೆದುಕೊಂಡು ಹೋಗಿ, "ನಂಗೂ ಒಂದು ಕಾರ್ಡು ಬರೀತೀಯನಾ ತಮಾ?" ಅಂದರು.

ನವೆಂಬರ್ ೨೦

ಕಾರ್ಡು ಬರೆಯುವುದೇ ಕೆಲಸ. ದೀಪಾವಳಿಗೆ ಬಂದ ನೆಂಟರೆಲ್ಲ ಅಜ್ಜಿಯನ್ನು ನೋಡಿ ಮಾತಾಡುವುದು ಒಂದೇ. ಮೈ ಕೈ ತುಂಬಿಕೊಂಡಿದ್ದಾಳೆ, ಕೆನ್ನೆ ಬಂದಿದೆ, ಹತ್ತು ವರ್ಷ ಹಿಂದೆ ಹೋಗಿದ್ದಾಳೆ. ಅಜ್ಜಿಯ ಹಸಿವೂ ಹಾಗೇ ಇದೆ. ರೊಟ್ಟಿ ತಿಂದು ಕೈ ತೊಳೆಯುವ ಮೊದಲೇ ಇನ್ನೊಂದು ಕೇಳುತ್ತಾಳೆ. ಅವ್ವ, "ಗುಳಿಗೆ ಪೋಸ್ಟಲ್ಲಿ ಬಂದ್ರೂ ಅಕ್ಕಿ ನಾವೇ ಬೆಳೀಬೇಕಲ್ಲ" ಎಂದು ನಗುತ್ತಾಳೆ.

ಡಿಸೆಂಬರ್ ೧೪

ಕಂಪನಿಯಿಂದ ನನ್ನ ಹೆಸರಿಗೆ ಲಕೋಟೆ! ಇಷ್ಟು ಜನರಿಂದ ಆರ್ಡರ್ ತಂದದ್ದಕ್ಕೆ ನನ್ನನ್ನು ಅಧಿಕೃತ ಪ್ರತಿನಿಧಿ ಮಾಡಿದ್ದಾರೆ. ಇನ್ನು ಮೇಲೆ ಎಲ್ಲರ ಡಬ್ಬಿಯೂ ಒಂದೇ ಪಾರ್ಸೆಲ್ಲಿನಲ್ಲಿ, ನನ್ನ ಹೆಸರಿಗೆ ಬರುತ್ತದೆ. ಜೊತೆಗೆ ಒಂದು ಬ್ಯಾಡ್ಜು, ಓಡುವ ಮುದುಕನದೇ. ಅಂಗಿಗೆ ಚುಚ್ಚಿಕೊಂಡು ಪೇಟೆಗೆ ಹೋದೆ. ಮಂಜಣ್ಣ, "ಏನಾ, ಕಂಡಕ್ಟರ್ ಆದ್ಯಾ?" ಅಂದ. ಅವನಿಗೆ ಗೊತ್ತಾಗುವುದಿಲ್ಲ.

ಒಂದು ಚರ್ಮದ ಬ್ಯಾಗು ತೆಗೆದುಕೊಳ್ಳಬೇಕು. ಸಾಗರದಲ್ಲಿ ರೂಮು ಮಾಡಿದರೆ ಹೊಸನಗರ, ತೀರ್ಥಹಳ್ಳಿ ಎರಡೂ ಕಡೆ ಓಡಾಡಬಹುದು. ಇಲ್ಲವೇ ಬಾಂಬೆ.

ಡಿಸೆಂಬರ್ ೨೮

ತೀರ್ಥಹಳ್ಳಿ ಕಡೆಯ ಅರಳಸುರಳಿಗೆ ಹೋಗಿ ಬಂದೆ. ಅಜ್ಜಿಯ ತಂಗಿ ದುಗ್ಗಮ್ಮ ಅಲ್ಲಿದ್ದಾಳೆ, ಅವಳಿಗೆ ಮಂಡಿ ನೋವು. ಡಬ್ಬಿಗಳನ್ನು ಕೊಟ್ಟೆ. "ಅಕ್ಕ ತಿಂತಾಳಾ? ಹಂಗಾದ್ರೆ ನಂಗೂ ಆತದೆ" ಎಂದು ಇನ್ನೇನೂ ಕೇಳದೆ ತೆಗೆದುಕೊಂಡಳು.

೧೯೮೩ ಜನವರಿ ೧೯

ಲಕ್ಷ್ಮಿಯ ಜೊತೆ ಜಗಳ. ಅಜ್ಜಿಯ ತಲೆ ಬಾಚುತ್ತಿದ್ದವಳು ನನ್ನನ್ನು ಹೊರಗೆ ಕರೆದು ಹೇಳಿದಳು.

"ಅಣ್ಣಾ, ಅಜ್ಜಿ ಮುಖ ಅಜ್ಜಿದಲ್ಲ. ಕಣ್ಣು ಒಳಗೆ ಹೋಗ್ಯದೆ ನೋಡು. ತೋಳು ಮುಟ್ಟಿದ್ರೆ ಸಾಕು, ನೀಲಿ ಕಟ್ತದೆ."

"ಮೈ ತುಂಬಿದ್ರೆ ಮುಖ ಬದಲಾಗಲ್ವಾ?"

"ಮುಖ, ಹೊಟ್ಟೆ ಮಾತ್ರ ತುಂಬಿದ್ದು. ಕಾಲು ಕಡ್ಡಿ."

ನನಗೆ ಸಿಟ್ಟು ಬಂತು. ನಾಳೆ ಮದುವೆಯಾಗಿ ಹೋಗುವವಳು ಇವಳು, ಗುಳಿಗೆಯ ವಿಷಯ ಇವಳಿಗೇನು ಗೊತ್ತು. ಅಜ್ಜಿಯ ಕಾಲಿನ ಸಣ್ಣ ಗಾಯ ಒಂದು ಆರುತ್ತಿಲ್ಲ, ಅದು ಚಳಿಗೆ. ನೀರು ಜಾಸ್ತಿ ಕುಡಿಯುತ್ತಾಳೆ, ಅದು ಸೆಖೆಗೆ.

ಚಳಿ, ಸೆಖೆ ಎರಡನ್ನೂ ಬರೆದಿದ್ದೇನೆ. ಇರಲಿ.

ಫೆಬ್ರವರಿ ೮

ಪಾರ್ಸೆಲ್ ಬರಲಿಲ್ಲ.

ಫೆಬ್ರವರಿ ೧೧

ಇವತ್ತೂ ಇಲ್ಲ. ಅಜ್ಜಿಯ ಡಬ್ಬಿ ಖಾಲಿ. ಕಂಪನಿಗೆ ಇನ್ನೊಂದು ಕಾರ್ಡು ಹಾಕಿದೆ.

ಫೆಬ್ರವರಿ ೧೪

ಅಜ್ಜಿಗೆ ಊಟ ಬೇಡ. ವಾಂತಿ. ಎದ್ದು ನಿಂತರೆ ಕಣ್ಣು ಕತ್ತಲೆ ಅನ್ನುತ್ತಾಳೆ. ಅವ್ವ ಜೀರಿಗೆ ಕಷಾಯ ಕೊಟ್ಟಿದ್ದಾಳೆ.

ಫೆಬ್ರವರಿ ೧೯, ಸಾಗರ

ಮೂರು ದಿನದಿಂದ ಇಲ್ಲೇ ಇದ್ದೇನೆ. ಈಗ ಬರೆಯಬಹುದು ಅನ್ನಿಸಿತು.

ಬುಧವಾರ ಬೆಳಿಗ್ಗೆ ಅಜ್ಜಿ ಬಚ್ಚಲಿನ ಹೊಸ್ತಿಲಲ್ಲಿ ಬಿದ್ದಳು. ಎತ್ತಿದಾಗ ಕೈ ಕಾಲು ತಣ್ಣಗೆ, ಮಾತಿಲ್ಲ. ಅಪ್ಪ ಜೀಪು ಹಿಡಿದುಕೊಂಡು ಬಂದರು. ಸಾಗರ ಮುಟ್ಟುವವರೆಗೂ ಅವಳ ತಲೆ ನನ್ನ ತೊಡೆಯ ಮೇಲಿತ್ತು, ದಾರಿ ಎಷ್ಟು ಹಾಳಾಗಿದೆ ಎಂದು ಮೊದಲ ಸಲ ಗೊತ್ತಾಯಿತು.

ಡಾಕ್ಟರ್ ಉಮಾಮಹೇಶ್ವರ ಬಿ.ಪಿ. ನೋಡಿದ ಕೂಡಲೇ ಗ್ಲುಕೋಸ್ ಹಾಕಿಸಿ ಇಂಜೆಕ್ಷನ್ ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

"ಏನು ತಗೊಳ್ತಿದ್ರು ಇವರು?"

ಜೇಬಿನಿಂದ ಖಾಲಿ ಡಬ್ಬಿ ತೆಗೆದು ಕೊಟ್ಟೆ. ಅವರು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಒಳಗೆ ಏನಿದೆ ಅಂತ ಬರೆದಿಲ್ಲ. ಎಲ್ಲಿ ಮಾಡಿದ್ದು, ಯಾವಾಗ ಮಾಡಿದ್ದು, ಎಷ್ಟು ದಿನ ಇಡಬಹುದು, ಯಾವುದೂ ಇಲ್ಲ. ಓಡೋ ಮುದುಕ ಒಬ್ಬ ಇದ್ದಾನೆ."

ಡಬ್ಬಿ ವಾಪಸ್ ಇಸಿದುಕೊಂಡು ಜೇಬಿಗೆ ಹಾಕಿದೆ.

"ನೋವು ಕೂಡಲೇ ಹೋಯ್ತು, ಹಸಿವು ಜಾಸ್ತಿಯಾಯ್ತು, ಮುಖ ದುಂಡಗಾಯ್ತು, ಅಲ್ವಾ? ಸ್ಟೆರಾಯ್ಡ್ ಅಂತ ಒಂದು ಔಷಧಿ ಇದೆ. ಒಳ್ಳೆಯದೇ, ನಾವೂ ಕೊಡ್ತೀವಿ, ಅಳೆದು ಕೊಡ್ತೀವಿ. ಇದರಲ್ಲಿ ಅದನ್ನ ಬೆರೆಸಿರೋ ಹಾಗೆ ಕಾಣ್ತದೆ. ಪರೀಕ್ಷೆಗೆ ಕಳಿಸೋಣ ಅಂದ್ರೆ ಒಂದು ಗುಳಿಗೆನೂ ಉಳಿದಿಲ್ಲ. ತಿಂಗಳುಗಟ್ಟಲೆ ತಿಂದ ಮೇಲೆ ಮೈ ಅದಕ್ಕೇ ಒಗ್ಗಿರ್ತದೆ. ಗುಳಿಗೆ ಒಮ್ಮೆಲೇ ಬಿಟ್ರೆ ಹೀಗೆ ಬೀಳ್ತಾರೆ. ಸಕ್ಕರೆ ಕಾಯಿಲೆನೂ ಬಂದಿದೆ."

ಆಮೇಲೆ ಕೇಳಿದರು. "ಇದನ್ನ ಬೇರೆ ಯಾರಾದ್ರೂ ತಗೊಳ್ತಿದ್ದಾರಾ?"

"ಗೊತ್ತಿಲ್ಲ" ಅಂದೆ.

ಹೊರಗೆ ಬಂದು ಚಾ ಕುಡಿಯಲು ಬಸ್‌ಸ್ಟ್ಯಾಂಡಿಗೆ ಹೋದೆ. ತೀರ್ಥಹಳ್ಳಿ ಬಸ್ಸಿನ ಕಿಟಕಿಯಲ್ಲಿ ಒಬ್ಬ ಮುದುಕಿ ಕೂತಿದ್ದಳು, ಒಂದು ಕ್ಷಣ ದುಗ್ಗಮ್ಮಜ್ಜಿಯೇ ಅನ್ನಿಸಿತು. ಚಾ ಅಲ್ಲೇ ಬಿಟ್ಟು ವಾಪಸ್ ಬಂದು ಡಾಕ್ಟರಿಗೆ ಒಬ್ಬೊಬ್ಬರ ಹೆಸರೂ ಹೇಳಿದೆ. ಬ್ಯಾಡ್ಜು ಅಂಗಿಯ ಮೇಲೇ ಇತ್ತು ಎಂದು ಆಗ ನೆನಪಾಯಿತು. ಅವರು ಅದನ್ನು ನೋಡಿ, ಹೆಸರುಗಳನ್ನು ಬರೆದುಕೊಂಡರು.

"ಬಿಡಿ ಅಂತ ಮಾತ್ರ ಹೇಳಬೇಡಿ. ಹಾಗೆ ಬಿಟ್ರೂ ಅಪಾಯ. ಇಲ್ಲಿಗೆ ಕರ್ಕೊಂಡು ಬನ್ನಿ, ಸ್ವಲ್ಪ ಸ್ವಲ್ಪ ಕಡಿಮೆ ಮಾಡಿ ಬಿಡಿಸಬೇಕು."

ಅಜ್ಜಿ ಇವತ್ತು ಗಂಜಿ ಕುಡಿದಳು. "ಉಪ್ಪಿಲ್ಲ" ಎಂದು ಬೈದಳು. ಅಪ್ಪ ಹೊರಗೆ ಹೋಗಿ ಕಣ್ಣೊರೆಸಿಕೊಂಡರು.

ಫೆಬ್ರವರಿ ೨೩, ತೀರ್ಥಹಳ್ಳಿ

ದುಗ್ಗಮ್ಮಜ್ಜಿ ಅಂಗಳದಲ್ಲಿ ಹುಲ್ಲು ಒಣಗಿಸುತ್ತಿದ್ದಳು, ಅವಳ ಕೆನ್ನೆಯೂ ತುಂಬಿಕೊಂಡಿತ್ತು. ವಿಷಯ ಹೇಳಿದರೆ ಕೇಳಬೇಕಲ್ಲ.

"ತಂದ್ಕೊಟ್ಟವನೂ ನೀನೇ, ಬ್ಯಾಡ ಅನ್ನವನೂ ನೀನೇ. ನಿಂಗೆ ತಲೆ ಸಮ ಅದೆಯಾ?"

"ಅಜ್ಜಿ ಬಿದ್ದಳು, ಚಿಕ್ಕಜ್ಜಿ."

"ಅಕ್ಕ ಚಿಕ್ಕವಳಿದ್ದಾಗ್ಲಿಂದ ಬೀಳ್ತಾ ಇದ್ದಾಳೆ. ಮರದಿಂದ ಬಿದ್ದಾಳೆ, ಅಟ್ಟದಿಂದ ಬಿದ್ದಾಳೆ."

"ಈ ಸಲ ಬಿದ್ದಾಗ ಬೈಯಲಿಲ್ಲ" ಅಂದೆ.

ಅದಕ್ಕೆ ಅವಳು ಹುಲ್ಲು ಅಲ್ಲೇ ಬಿಟ್ಟು ಸೀರೆ ಬದಲಾಯಿಸಿಕೊಂಡು ಬಂದಳು.

ಸಾಗರದ ಡಾಕ್ಟರು ಬರೆದುಕೊಟ್ಟ ಚೀಟಿ ಹಿಡಿದು ಇಲ್ಲಿನ ಆಸ್ಪತ್ರೆಯ ಸಾಲಿನಲ್ಲಿ ನಿಂತೆ. ಡಬ್ಬಿಯಲ್ಲಿ ಉಳಿದ ಗುಳಿಗೆಗಳೆಲ್ಲಿ ಎಂದರೆ ಬೀಗಿತ್ತಿಗೆ ಕೊಟ್ಟಿದ್ದಾಳಂತೆ! ಬೀಗಿತ್ತಿ ಕೋಣಂದೂರಿನವಳು. ನಾಳೆ ಅಲ್ಲಿಗೆ.

ಮಾರ್ಚ್ ೫

ಪಾರ್ಸೆಲ್ ಬಂತು, ಎಲ್ಲರ ಡಬ್ಬಿಗಳೂ ಒಟ್ಟಿಗೆ. ಪೋಸ್ಟ್ ಆಫೀಸಿನ ಕಟ್ಟೆಯ ಮೇಲೆ ಸುಬ್ಬಪ್ಪಜ್ಜ ಬೆಳಿಗ್ಗೆಯಿಂದ ಕಾದು ಕೂತಿದ್ದರು.

"ಬಿಡಿಸ್ಕಳ್ತೀಯಾ, ವಾಪಸ್ ಕಳಿಸ್ಲಾ?" ಎಂದು ಕೇಳಿದ ಮಂಜಣ್ಣ.

"ವಾಪಸ್ ಕಳಿಸು."

ಸುಬ್ಬಪ್ಪಜ್ಜನ ಮುಖ ಕೆಂಪಾಯಿತು. "ನನ್ ದುಡ್ಡು, ನನ್ ಕಾಲು. ನೀ ಯಾರಾ ಬ್ಯಾಡ ಅನ್ನಕ್ಕೆ? ನಿನ್ನಜ್ಜಿ ಬಿದ್ಳು ಅಂತ ನಾನೂ ನೋವು ತಿಂದ್ಕಂಡು ಬಿದ್ದಿರ್ಬೇಕಾ?"

"ನನ್ನ ಹೆಸರಿಗೆ ಬಂದದ್ದು ನಾನು ಬಿಡಿಸಲ್ಲ, ಅಜ್ಜಾ. ಸೋಮವಾರ ಬೆಳಿಗ್ಗೆ ಬಸ್ಸಿಗೆ ಬನ್ನಿ. ಎಲ್ಲರೂ ಸಾಗರಕ್ಕೆ ಹೋಗಾದು. ನೋವಿಗೂ ಅವರೇ ಕೊಡ್ತಾರೆ."

"ಬರಲ್ಲ ಅಂದ್ರೆ?"

"ಬರೋ ತನಕ ನಿಮ್ಮ ಮನೆ ಜಗಲಿಯಲ್ಲಿ ಕೂತಿರ್ತೀನಿ. ನಂಗೆ ಬೇರೆ ಕೆಲಸ ಇಲ್ಲ ಅಂತ ಊರಿಗೆಲ್ಲ ಗೊತ್ತಲ್ಲ."

ಮಂಜಣ್ಣ ನಕ್ಕುಬಿಟ್ಟ. ಸುಬ್ಬಪ್ಪಜ್ಜ ನಗಲಿಲ್ಲ, ಉಗುಳಿ ಎದ್ದು ಹೋದರು.

ಮಾರ್ಚ್ ೭

ಬಸ್ಸಿನಲ್ಲಿ ಹಿಂದಿನ ಸೀಟುಗಳೆಲ್ಲ ನಮ್ಮದೇ. ಕೊನೆಗೆ ಓಡಿ ಬಂದು ಹತ್ತಿದವರು ಸುಬ್ಬಪ್ಪಜ್ಜ. ಕಂಡಕ್ಟರು, "ಏನು, ದಿಬ್ಬಣವಾ?" ಅಂದ. "ಹೌದು, ಮದುಮಗ ನಾನೇ" ಅಂದರು ಅಜ್ಜ.

ಎಲ್ಲರ ಡಬ್ಬಿಯೂ ಖಾಲಿ, ಕೋಣಂದೂರಿನ ಬೀಗಿತ್ತಿಯೂ ನುಂಗಿ ಮುಗಿಸಿದ್ದಳು, ಪರೀಕ್ಷೆಗೆ ಒಂದು ಗುಳಿಗೆಯೂ ಸಿಗಲಿಲ್ಲ. ಡಾಕ್ಟರು ಒಬ್ಬೊಬ್ಬರಿಗೂ ಬೇರೆ ಬೇರೆ ಬರೆದುಕೊಟ್ಟರು. ಅಜ್ಜನಿಗೆ ಅದೇ ಬೇಸರ. ಎಲ್ಲರಿಗೂ ಒಂದೇ ಗುಳಿಗೆ ಇದ್ದಾಗ ಎಷ್ಟು ಸುಲಭವಿತ್ತು ಎಂದು ವಾಪಸ್ ಬರುವಾಗ ಹೇಳುತ್ತಲೇ ಇದ್ದರು.

ಏಪ್ರಿಲ್ ೨೪

ಮಾತ್ರೆ ಕಡಿಮೆಯಾದ ಹಾಗೆ ಅಜ್ಜಿಯ ನೋವು ವಾಪಸ್ ಬರುತ್ತಿದೆ. ಡಾಕ್ಟರು ಬೇರೆ ಮಾತ್ರೆ ಕೊಟ್ಟಿದ್ದಾರೆ, ಈ ಸಲ ಹೊಟ್ಟೆ ಉರಿಯ ಸಂಗತಿ ನಾನೇ ಹೇಳಿದ್ದೆ. ನೋವು ಸಹಿಸುವಷ್ಟಿದೆ, ಕುಂಚ ಹಿಡಿಯುವಷ್ಟು ಬೆರಳು ಮಡಚುವುದಿಲ್ಲ. ಮುಖ ಮಾತ್ರ ನಿಧಾನವಾಗಿ ಅವಳದೇ ಆಗುತ್ತಿದೆ.

ಇವತ್ತು ಹತ್ತಿರ ಕರೆದು ಕೂರಿಸಿಕೊಂಡಳು.

"ಒಂದು ಡಬ್ಬಿ ತರಿಸಾ ತಮಾ. ಮದುವೆ ಕಳೀಲಿ, ಆಮೇಲೆ ಬಿಡ್ತೀನಿ."

"ಆಗಲ್ಲ ಅಜ್ಜಿ."

"ಸಾಯವಳು ನಾನು. ನಿಂಗೇನು?"

ಎದ್ದು ಬಂದೆ. ಅವಳು ಮಾತು ಬಿಟ್ಟಿದ್ದಾಳೆ.

ಮೇ ೬

ಇನ್ನೂ ಮಾತಿಲ್ಲ. ಮಾತ್ರೆ ಕೊಟ್ಟರೆ ನುಂಗುತ್ತಾಳೆ, ಗೋಡೆ ನೋಡುತ್ತಾಳೆ.

ಮೇ ೧೬

ನಾಡಿದ್ದು ಮದುವೆ. ಗೋಡೆಗೆ ಕೆಮ್ಮಣ್ಣು ಬಳಿದು ಒಣಗಿದೆ. ಹಸೆ ಇವತ್ತು ಶುರುವಾಗಬೇಕು. ಅವ್ವನಿಗೆ ಅಡುಗೆ ಮನೆ, ಮದುಮಗಳಿಗೆ ಕೈ ಹಚ್ಚಲು ಬಿಡುವುದಿಲ್ಲ. ಅಕ್ಕಪಕ್ಕದ ಹೆಂಗಸರು ಕುಂಚ ಹಿಡಿದು ಬಂದು, ಅಜ್ಜಿ ಇಲ್ಲದ್ದು ನೋಡಿ ಹಾಗೇ ನಿಂತರು.

ನಾನು ಅವಳನ್ನು ಕರೆಯಲು ಒಳಕ್ಕೆ ಹೋದೆ. ಎಲೆಯಡಿಕೆ ಸಂಚಿ ಬಿಚ್ಚಿಕೊಂಡು ಕೂತಿದ್ದಳು. ಅಂಗೈಯಲ್ಲಿ ಕಂದು ಗುಳಿಗೆಗಳು. ಡಬ್ಬಿ ಖಾಲಿಯಾಯಿತು ಎಂದ ದಿನವೇ ತೆಗೆದಿಟ್ಟುಕೊಂಡಿದ್ದಳಂತೆ, ಮದುವೆಗೆಂದು. ಬಚ್ಚಲಿನಲ್ಲಿ ಬಿದ್ದಾಗಲೂ ಅದು ಸೊಂಟದಲ್ಲೇ ಇತ್ತು!

"ಇದನ್ನ ನುಂಗಿದ್ರೆ ನಾಳೆ ಗೆರೆ ನೆಟ್ಟಗೆ ಬತ್ತದೆ" ಅಂದಳು. ಇಷ್ಟು ದಿನದ ಮೇಲೆ ಮೊದಲ ಮಾತು.

ಕಸಿದುಕೊಳ್ಳಬಹುದಿತ್ತು. ಕೈ ಹೋಗಲಿಲ್ಲ. ಆ ಬುಟ್ಟಿಯ ಮುಂದೆ ಅವಳು ಕೂತಿದ್ದ ಎರಡು ದಿನ ನಾನೂ ನೋಡಿದ್ದೇನೆ. ಪಕ್ಕದಲ್ಲಿ ಕೂತು, "ಮೊದಲ ಗೆರೆ ಎಲ್ಲಿಂದ ಅಜ್ಜಿ?" ಎಂದು ಕೇಳಿದೆ.

"ಯಾಕೆ?"

"ಹೇಳು. ನಾನು ಎಳೀತೀನಿ."

"ನೀನಾ? ಗಂಡು ಹಸೆ ಬರ್ದದ್ದು ಯಾರು ಕಂಡಾರಾ?"

"ಯಾರೂ ಕಂಡಿಲ್ಲ. ನೀ ಹೇಳಿದ್ದಷ್ಟೇ ಎಳೀತೀನಿ."

ಅಂಗೈಯ ಗುಳಿಗೆಗಳನ್ನು ಒಂದೊಂದಾಗಿ ಎಣಿಸಿದಳು. ಆಮೇಲೆ ಗುಳಿಗೆಗಳನ್ನು ನನ್ನ ಕೈಗೆ ಸುರಿದು, "ಬಿಳಿ ಕಲಸು. ತೆಳ್ಳಗಾದ್ರೆ ಇಳೀತದೆ, ನೋಡ್ಕ" ಅಂದಳು. ಗುಳಿಗೆಗಳನ್ನು ಕಾಗದದಲ್ಲಿ ಕಟ್ಟಿ ಡಾಕ್ಟರಿಗೆಂದು ಎತ್ತಿಟ್ಟೆ. ಪರೀಕ್ಷೆಗೆ ಈಗ ಸಿಕ್ಕಿತು. ಅಕ್ಕಿ ಹಿಟ್ಟು ಕಲಸಲು ಸಣ್ಣ ಪಾತ್ರೆ ಸಿಗದೆ ಆ ಖಾಲಿ ಡಬ್ಬಿಯಲ್ಲೇ ಕಲಸಿದೆ. ಹಿಟ್ಟು ಹೊರಗೆಲ್ಲ ಸುರಿದು, ಓಡುವ ಮುದುಕ ಸೊಂಟದವರೆಗೆ ಬಿಳಿಯಾದ.

ಹೆಂಗಸರು ನಕ್ಕದ್ದು ಪೇಟೆಯವರೆಗೆ ಕೇಳಿರಬೇಕು. ಪಕ್ಕದ ಮನೆಯ ಮೂಕಮ್ಮತ್ತೆ ನನಗೆ, "ಏ ಧರ್ಮಾ, ಮೊದ್ಲು ಸೀರೆ ಉಟ್ಕಂಡು ಬಾ" ಅಂದಳು. ಅಜ್ಜಿ ಮಣೆಯ ಮೇಲೆ ಕೂತು ಹೇಳಿದಳು:

"ಕೈ ಅವ್ನದು, ಕಣ್ಣು ನಂದು. ನೀವು ಬಾಯಿ ಮುಚ್ಚಿ ಮೂಲೆ ತುಂಬಿ."

ಸಂಜೆಯವರೆಗೂ ಬೈಸಿಕೊಂಡೆ. ಉಸಿರು ಹಿಡಿ, ಮೊಣಕೈ ಬಿಡು, ಇದು ಗೆರೆಯೋ ಕೆರೆ ಏರಿಯೋ. ಎಡಗಡೆ ಮೇಲೆ ಒಂದು ಗೆರೆ ಸೊಟ್ಟವಾಯಿತು. ಒರೆಸಲು ಬಟ್ಟೆ ತೆಗೆದೆ. "ಇರ್ಲಿ ಬಿಡು" ಅಂದಳು. ಅವಳ ಬಾಯಲ್ಲಿ ಆ ಮಾತು ನಾನು ಕೇಳಿರಲಿಲ್ಲ.

ಮೇ ೨೩

ಮದುವೆ ಚೆನ್ನಾಗಿ ಕಳೆಯಿತು. ದುಗ್ಗಮ್ಮಜ್ಜಿ ಹಸೆ ನೋಡಿ, "ಅಕ್ಕಾ, ಆ ಸೊಟ್ಟ ಯಾರದು?" ಎಂದಾಗ ಅಜ್ಜಿ, "ನಂದೇ" ಅಂದಳು. ಮನೆ ಖಾಲಿ ಅನ್ನಿಸುತ್ತದೆ. ಲಕ್ಷ್ಮಿ ಇದ್ದಿದ್ದರೆ ಜಗಳಕ್ಕಾದರೂ ಆಗುತ್ತಿತ್ತು.

ಅಜ್ಜಿಗೆ ಹೊಸ ಅಭ್ಯಾಸವಾಗಿದೆ. ಮಾತ್ರೆ ಕೊಟ್ಟರೆ ಸುಮ್ಮನೆ ನುಂಗುವುದಿಲ್ಲ.

"ಓದು."

ಹೆಸರು ಓದುತ್ತೇನೆ. ಎಲ್ಲಿ ಮಾಡಿದ್ದು, ಯಾವ ತಿಂಗಳವರೆಗೆ, ಎಲ್ಲ ಓದುತ್ತೇನೆ.

"ಮುದುಕನ ಚಿತ್ರ ಇಲ್ವಾ?"

"ಇಲ್ಲ."

"ಹಂಗಾದ್ರೆ ಕೊಡು."

ಸುಬ್ಬಪ್ಪಜ್ಜನೂ ಈಗ ಪೇಟೆಯಿಂದ ಏನು ತಂದರೂ ಮೊದಲು ನಮ್ಮ ಜಗಲಿಗೆ ಬಂದು ಓದಿಸಿಕೊಂಡೇ ಮನೆಗೆ ಹೋಗುವುದು. ನಿನ್ನೆ ಹಲ್ಲುಪುಡಿ ಓದಿಸಿದರು.

ಬೆಳಿಗ್ಗೆ ಮಂಜಣ್ಣ ಬಾಂಬೆಯ ಕಾಗದ ಕೊಟ್ಟ. ಜಟ್ಟಪ್ಪನ ಅಕ್ಷರ. ಗಡಿಬಿಡಿಯಲ್ಲಿ ಗೋಡೆಯ ಗೂಡಿನಲ್ಲಿಟ್ಟದ್ದು, ಇನ್ನೂ ಒಡೆದಿಲ್ಲ. ನಾಳೆ ಓದಬೇಕು. ನಾಳೆ ಆಗುವುದಿಲ್ಲ, ಸಾಗರದ ಬಸ್ಸಿದೆ. ಅಜ್ಜಿಯ ರಕ್ತ ಪರೀಕ್ಷೆ, ಸುಬ್ಬಪ್ಪಜ್ಜನ ಚೀಟಿ, ದುಗ್ಗಮ್ಮಜ್ಜಿಯ ಮಾತ್ರೆಯೂ ಮುಗಿಯುತ್ತ ಬಂದಿರಬೇಕು.